ಚಕ್ರದ ಬೆನ್ನು ನೋಡಿ ಕೊಳ್ಳಿ

ಪ್ರಶ್ನೆ: ನಾನು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ ಎಂಜಿನಿಯರ್. ಕಳೆದ ವರ್ಷ 2006ರ ಪೋರ್ಷೆ 911 ಕರೇರಾ ಎಸ್ ಕೊಂಡೆ. 997 ಎಂದು ಕರೆಯುವ ಪೀಳಿಗೆಯದು, ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ. 19 ಇಂಚಿನ ಮೂಲ ಚಕ್ರಗಳ ಬಣ್ಣ ಏಳುತ್ತಿದೆ, ಒಂದರ ಒಳ ಅಂಚು ಬಾಗಿದೆ. ಇಲ್ಲೊಬ್ಬರು 997 ಟರ್ಬೊ ಕಾರಿನಿಂದ ಬಿಚ್ಚಿದ ನಾಲ್ಕು ಚಕ್ರಗಳನ್ನು ಟೈರ್ ಸಮೇತ ಒಳ್ಳೆಯ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಮುಂದಿನವು 8.5 ಇಂಚು ಅಗಲ, ಇಟಿ 56. ಹಿಂದಿನವು 11 ಇಂಚು, ಇಟಿ 51. "ಐದು ಬೋಲ್ಟ್, 130ರ ವೃತ್ತ, 997ಗೆಲ್ಲ ಒಂದೇ, ಯೋಚನೆ ಬೇಡ" ಎಂಬುದು ಅವರ ಮಾತು. ಒಬ್ಬ ಗೆಳೆಯ ಹೊಸ ಫೋರ್ಜ್ಡ್ ಚಕ್ರ ತಗೋ ಅನ್ನುತ್ತಾನೆ, ಇನ್ನೊಬ್ಬ ಅದೇ ವಿನ್ಯಾಸದ ನಕಲು ಕಾಲು ಬೆಲೆಗೆ ಸಿಗುತ್ತದೆ ಅನ್ನುತ್ತಾನೆ. ಯಾರ ಮಾತು ಕೇಳಲಿ? ಹಿಂದೆ ಇನ್ನಷ್ಟು ಅಗಲದ ಟೈರ್ ಹಾಕಿದರೆ ಹಿಡಿತ ಹೆಚ್ಚುತ್ತದೆಯೇ? ಚಕ್ರ ಕೂರುತ್ತದೋ ಇಲ್ಲವೋ ಎಂಬ ಲೆಕ್ಕವನ್ನು ನಾನೇ ಹಾಕಿಕೊಳ್ಳಬಹುದೇ?

ಉತ್ತರ: ಟರ್ಬೊ ಚಕ್ರಗಳನ್ನು ಕೊಳ್ಳಬೇಡಿ. ಮುಂದಿನ ಎರಡು ನಿಮ್ಮ ಕಾರಿಗೆ ಕೂರುತ್ತವೆ, ಹಿಂದಿನ ಎರಡು ಕೂರುವುದಿಲ್ಲ. ಮಾರುವವರು ಸುಳ್ಳು ಹೇಳುತ್ತಿಲ್ಲ. ಬೋಲ್ಟ್‌ಗಳು ನಿಜಕ್ಕೂ ಸಲೀಸಾಗಿ ಒಳಗೆ ಹೋಗುತ್ತವೆ, ಕಾರು ಜಾಕ್ ಮೇಲಿರುವ ತನಕ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಜಾಕ್ ಇಳಿಸಿ ಮೊದಲ ತಗ್ಗಿಗೆ ಕಾರು ಕುಗ್ಗಿದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ತಾಗುತ್ತದೆ.

ಏಕೆ ಎನ್ನುವುದನ್ನು ಬಿಡಿಸಿಯೇ ಹೇಳುತ್ತೇನೆ. ಈ ಒಂದು ಲೆಕ್ಕ ಕೈಗೆ ಬಂದರೆ ಮುಂದೆ ಯಾವ ಚಕ್ರದ ಬಗ್ಗೆಯೂ ನೀವು ಯಾರನ್ನೂ ಕೇಳಬೇಕಿಲ್ಲ.

ಚಕ್ರದ ಬೆನ್ನಿನಲ್ಲಿ, ಸ್ಪೋಕಿನ ಹಿಂಬದಿಯಲ್ಲೋ ನಡುವಿನ ಗುಂಬದ ಸುತ್ತಲೋ, ಅಂಕಿಗಳನ್ನು ಕೆತ್ತಿರುತ್ತಾರೆ. ನಿಮ್ಮ ಕಾರಿನ ಮೂಲ ಚಕ್ರಗಳನ್ನು ಬಿಚ್ಚಿ ನೋಡಿದರೆ ಮುಂದಿನವುಗಳಲ್ಲಿ 8 ಇಂಚು ಅಗಲ, 19 ಇಂಚು ವ್ಯಾಸ, ಇಟಿ 57 ಎಂದಿರಬೇಕು. ಹಿಂದಿನವುಗಳಲ್ಲಿ 11 ಇಂಚು, 19 ಇಂಚು, ಇಟಿ 67. ಅಗಲ ಎಂದರೆ ರಿಮ್ಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಲ್ಲ, ಟೈರಿನ ಎರಡು ಅಂಚುಗಳು ಒಳಗೆ ಕೂರುವ ಜಾಗಗಳ ನಡುವಿನ ಅಳತೆ. ಹೊರಗಿನಿಂದ ಟೇಪ್ ಹಿಡಿದರೆ ಸುಮಾರು ಒಂದು ಇಂಚು ಹೆಚ್ಚೇ ಬರುತ್ತದೆ. ಹಳೆಯ ಚಕ್ರ ಕೊಳ್ಳುವಾಗ 8 ಇಂಚಿನದನ್ನು 9 ಎಂದು ತಪ್ಪಾಗಿ ತಿಳಿಯುವುದು ಇದರಿಂದಲೇ. ಇನ್ನು ಇಟಿ, ಅಂದರೆ ಆಫ್‌ಸೆಟ್. ಚಕ್ರದ ಅಗಲವನ್ನು ನಡುಮಧ್ಯಕ್ಕೆ ಸೀಳಿದಂತೆ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ, ಹಬ್ಬಿಗೆ ಅಂಟಿ ಕೂರುವ ಮೇಲ್ಮೈ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಇಟಿ. ಈ ಅಂಕಿ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಗೆ ಸರಿಯುತ್ತದೆ, ಚಿಕ್ಕದಾದಷ್ಟೂ ಹೊರಗೆ ಬರುತ್ತದೆ.

ಈಗ ಹಿಂದಿನ ಚಕ್ರದ ಲೆಕ್ಕ ಮಾಡೋಣ. 11 ಇಂಚು ಎಂದರೆ 279.4 ಮಿ.ಮೀ., ಅದರ ಅರ್ಧ 139.7. ಅದರಿಂದ ಇಟಿ ಕಳೆದರೆ ಹಬ್ಬಿನ ಮುಖದಿಂದ ಹೊರಗೆ ಎಷ್ಟು ಚಾಚುತ್ತದೆ ಎಂಬುದು ಸಿಗುತ್ತದೆ, ಕೂಡಿದರೆ ಒಳಗೆ ಎಷ್ಟು ಹೋಗುತ್ತದೆ ಎಂಬುದು. ನಿಮ್ಮ ಮೂಲ ಚಕ್ರ ಹೊರಗೆ 72.7 ಮಿ.ಮೀ. ಚಾಚುತ್ತದೆ. ಟರ್ಬೊ ಚಕ್ರ 88.7. ಅಗಲ ಎರಡಕ್ಕೂ ಒಂದೇ ಆದರೂ 16 ಮಿ.ಮೀ. ಅಂತರ. ಟೈರನ್ನೂ ಸೇರಿಸಿಕೊಳ್ಳಿ. ನಿಮ್ಮದು 295ರ ಟೈರು, ಟರ್ಬೊದ್ದು 305. ಹೆಚ್ಚಿದ 10 ಮಿ.ಮೀ.ನಲ್ಲಿ ಅರ್ಧ ಹೊರಬದಿಗೆ ಹೋಗುತ್ತದೆ. ಒಟ್ಟು 21 ಮಿ.ಮೀ. ಆಯಿತು. ನಿಮ್ಮ ಕರೇರಾ ಎಸ್ ಬಾಡಿಯ ಅಗಲ 1,808 ಮಿ.ಮೀ.; ಟರ್ಬೊ ಮತ್ತು ಕರೇರಾ 4 ಎಸ್ ಕಾರುಗಳದು 1,852. ವ್ಯತ್ಯಾಸ 44, ಅಂದರೆ ಒಂದೊಂದು ಬದಿಗೆ 22. ಈ 22ನ್ನೂ ಆ 21ನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಿಂದಿನ ಮಡ್‌ಗಾರ್ಡನ್ನು ಎಷ್ಟು ಉಬ್ಬಿಸಿದ್ದಾರೋ, ಒಂದು ಮಿ.ಮೀ. ಕಡಿಮೆ ಅಷ್ಟಕ್ಕೇ ಚಕ್ರವನ್ನೂ ಟೈರನ್ನೂ ಹೊರಗೆ ತಂದಿದ್ದಾರೆ. ಆ ಚಕ್ರ ಆ ಉಬ್ಬಿಗಾಗಿಯೇ ಹುಟ್ಟಿದ್ದು. ನಿಮ್ಮ ಕಾರಿನಲ್ಲಿ ಆ ಉಬ್ಬೇ ಇಲ್ಲ.

ಕೆಲವರು ಮಡ್‌ಗಾರ್ಡಿನ ಒಳ ಅಂಚನ್ನು ಮಡಿಸಿ, ಚಕ್ರದ ತಲೆಯನ್ನು ಒಳಕ್ಕೆ ಬಗ್ಗಿಸುವ ಕ್ಯಾಂಬರ್ ಹೆಚ್ಚಿಸಿ ಇಂಥ ಚಕ್ರ ತುರುಕುತ್ತಾರೆ. ಅದರಿಂದ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ನೆಲಕ್ಕೆ ಒತ್ತುವ ಜಾಗ ಕಡಿಮೆಯಾಗುತ್ತದೆ, ಅಗಲದ ಟೈರಿನಿಂದ ಬಯಸಿದ ಲಾಭವೇ ಕೈಬಿಡುತ್ತದೆ. ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಇಟಿ ತುಸು ಹೆಚ್ಚಿರುವ ಚಕ್ರವನ್ನು, ಹಬ್ಬಿಗೂ ಚಕ್ರಕ್ಕೂ ನಡುವೆ ಬಿಲ್ಲೆಯಂತೆ ಕೂರುವ ಸ್ಪೇಸರ್ ಹಾಕಿ ಹೊರಗೆ ತರಬಹುದು. ಇಟಿ ಕಡಿಮೆ ಇರುವುದನ್ನು ಒಳಗೆ ತಳ್ಳಲು ದಾರಿಯೇ ಇಲ್ಲ. ಚಕ್ರದ ಬೆನ್ನನ್ನು ಲೇತ್‌ನಲ್ಲಿ ತುರಿದು ಕೊಡುತ್ತೇನೆ ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಬೋಲ್ಟ್ ಹಿಡಿಯುವ ಜಾಗದ ಲೋಹವನ್ನೇ ಅವರು ತೆಗೆಯುವುದು.

ಮುಂದಿನ ಚಕ್ರದ ಲೆಕ್ಕ ಸೌಮ್ಯವಾಗಿದೆ. ನಿಮ್ಮದು 8 ಇಂಚು, ಇಟಿ 57: ಹೊರಗೆ 44.6, ಒಳಗೆ 158.6. ಟರ್ಬೊದ್ದು 8.5 ಇಂಚು, ಇಟಿ 56: ಹೊರಗೆ ಸುಮಾರು 52, ಒಳಗೆ 164. ಹೊರಕ್ಕೆ ಏಳು, ಒಳಕ್ಕೆ ಐದು ಮಿ.ಮೀ. ಹೆಚ್ಚು. ಎರಡೂ ಕಡೆ ಅಷ್ಟು ಜಾಗ ನಿಮ್ಮ ಕಾರಿನಲ್ಲಿದೆ. ಟೈರು ಅದೇ 235 ಆದ್ದರಿಂದ ರಬ್ಬರು ಚಾಚುವುದು ಅದಕ್ಕಿಂತ ಕಡಿಮೆ. ರಿಮ್ಮಿನ ಅಂಚು ಮಾತ್ರ ಮೊದಲಿಗಿಂತ ಹೊರಗೆ ಕಾಣುತ್ತದೆ, ಫುಟ್‌ಪಾತಿನ ಕಲ್ಲಿಗೆ ಉಜ್ಜುವ ಭಯ ಹೆಚ್ಚುತ್ತದೆ.

ತಾಗದಿದ್ದರೂ ಹೊರಗೆ ಬಂದ ಚಕ್ರ ಸುಮ್ಮನಿರುವುದಿಲ್ಲ. ಮುಂದಿನ ಚಕ್ರ ತಿರುಗುವ ಅಚ್ಚಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರು ನೆಲ ಒತ್ತುವ ಜಾಗದ ನಡುವಿಗೂ ಇರುವ ಅಂತರವನ್ನು ತಯಾರಕರು ಬಹಳ ಯೋಚಿಸಿ ಇಟ್ಟಿರುತ್ತಾರೆ. ಅದು ಬದಲಾದರೆ ಬ್ರೇಕ್ ಒತ್ತಿದಾಗ, ರಸ್ತೆಯ ಗಾಡಿಜಾಡಿನಲ್ಲಿ ಓಡುವಾಗ ಸ್ಟೀರಿಂಗ್ ಆ ಕಡೆ ಈ ಕಡೆ ಎಳೆಯುತ್ತದೆ. ಬೇರಿಂಗಿನ ಮೇಲಿನ ಹೊರೆಯೂ ಏರುತ್ತದೆ. 997ರ ಹೆಸರು ಉಳಿದಿರುವುದೇ ಅದರ ಸ್ಟೀರಿಂಗ್ ಕೈಗೆ ಹೇಳುವ ಸುದ್ದಿಯಿಂದ. ಆ ಸುದ್ದಿಯನ್ನು ಕೆಡಿಸುವ ಚಕ್ರ ಎಷ್ಟು ಚೆಂದವಿದ್ದರೂ ನಾನು ಹಾಕುವವನಲ್ಲ. ಮೂಲ ಇಟಿಯಿಂದ ಮುಂದೆ ನಾಲ್ಕೈದು ಮಿ.ಮೀ., ಹಿಂದೆಯೂ ಅಷ್ಟೇ, ಅದರಾಚೆಗೆ ಹೋಗಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಐದು ಬೋಲ್ಟ್, 130" ಎಂಬ ಮಾತಿಗೆ ಬರೋಣ. ಐದು ಬೋಲ್ಟ್‌ಗಳ ನಡುಬಿಂದುಗಳು ಕೂರುವ ವೃತ್ತದ ವ್ಯಾಸ 130 ಮಿ.ಮೀ. ಎಂದಷ್ಟೇ ಇದರ ಅರ್ಥ. ಇದೇ ವೃತ್ತ ಮೊದಲ ಪೀಳಿಗೆಯ ಪೋರ್ಷೆ ಕಾಯೆನ್‌ಗೂ ಫೋಕ್ಸ್‌ವ್ಯಾಗನ್ ಟೂವಾರೆಗ್ ಎಂಬ ದೊಡ್ಡ ಗಾಡಿಗೂ ಇದೆ, ಮರ್ಸಿಡಿಸ್‌ನ ಜಿ ವರ್ಗದ ಜೀಪಿಗೂ ಇದೆ. ಜಿ ವರ್ಗದ ಚಕ್ರದ ನಡುವಿನ ತೂತು 84.1 ಮಿ.ಮೀ., 911ರ ಹಬ್ಬಿನ ದಿಂಡು 71.6. ಬೋಲ್ಟ್ ಹೋಗುತ್ತದೆ, ಆದರೆ ಚಕ್ರ ಹಬ್ಬಿನ ಮೇಲೆ ನೆಟ್ಟಗೆ ಕೂರದೆ ತೇಲಾಡುತ್ತದೆ, ನೂರು ಕಿ.ಮೀ. ವೇಗಕ್ಕೆ ಸ್ಟೀರಿಂಗ್ ನಡುಗಲು ಶುರು. ಬೇರೆ ಕಂಪನಿಗಳ ಹೊಸ ಚಕ್ರಗಳು ಅನೇಕ ಕಾರುಗಳಿಗೆ ಆಗಲೆಂದು ದೊಡ್ಡ ತೂತಿನೊಂದಿಗೆ ಬಂದು, ನಡುವೆ ಹೊಂದಿಸುವ ಉಂಗುರ ಕೊಡುವುದುಂಟು. ಉಂಗುರ ತಪ್ಪಲ್ಲ, ಅದು ಅಲ್ಯೂಮಿನಿಯಂನದಾಗಿರಲಿ. ಟ್ರ್ಯಾಕಿಗೆ ಒಯ್ಯುವ ಕಾರಿನ ಬ್ರೇಕಿನ ಬಿಸಿಗೆ ಪ್ಲಾಸ್ಟಿಕ್ ಉಂಗುರ ತಾಳುವುದಿಲ್ಲ.

ಬೋಲ್ಟಿನ ವಿಷಯ ಇನ್ನೂ ಸೂಕ್ಷ್ಮ. ಜನ ಹೆಚ್ಚು ಎಡವುವುದು ಇಲ್ಲೇ. 911ರಲ್ಲಿ ಹಬ್ಬಿಗೆ ಕಡ್ಡಿ ಇರುವುದಿಲ್ಲ, 14 ಮಿ.ಮೀ. ದಪ್ಪ, 1.5 ಮಿ.ಮೀ. ಎಳೆಯ ಬೋಲ್ಟ್ ಚಕ್ರವನ್ನು ತೂರಿ ಹಬ್ಬಿನೊಳಗೆ ಹೋಗುತ್ತದೆ. ಅದರ ತಲೆಯ ಕೆಳಭಾಗ ಗುಂಡಗಿದೆ, 14 ಮಿ.ಮೀ. ತ್ರಿಜ್ಯದ ಗೋಳದ ತುಂಡು. ಪೋರ್ಷೆ ಚಕ್ರದ ತೂತಿನ ಬಾಯಿಯನ್ನೂ ಅದೇ ತ್ರಿಜ್ಯಕ್ಕೆ ತೋಡಿರುತ್ತಾರೆ, ಒರಳಿಗೆ ಗುಂಡುಕಲ್ಲು ಕೂತಂತೆ ಅದು ಕೂರುತ್ತದೆ. ಫೋಕ್ಸ್‌ವ್ಯಾಗನ್ ಮತ್ತು ಆಡಿಯ ಬೋಲ್ಟ್ ಕೂಡ ಅದೇ ದಪ್ಪ, ಅದೇ ಎಳೆ, ಅದೇ ಗುಂಡು ತಲೆ, ಆದರೆ ತ್ರಿಜ್ಯ 13. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಅದನ್ನು ಪೋರ್ಷೆ ಚಕ್ರಕ್ಕೆ ಹಾಕಿದರೆ ಇಡೀ ಮೇಲ್ಮೈ ಮುಟ್ಟುವ ಬದಲು ಸಣ್ಣದೊಂದು ಗೆರೆಯಲ್ಲಿ ಮಾತ್ರ ಮುಟ್ಟುತ್ತದೆ, ಬಿಗಿದ ಬಲ ನಿಲ್ಲುವುದಿಲ್ಲ. ಬೇರೆ ಕಂಪನಿಗಳ ಬಹುಪಾಲು ಚಕ್ರಗಳಿಗಂತೂ ಬೇಕಾದದ್ದು 60 ಡಿಗ್ರಿ ಕೋನದ ಮೊನಚು ತಲೆ. ಹೊಸ ಚಕ್ರ ಕೊಂಡಾಗ ನಿಮ್ಮ ಹಳೆಯ ಬೋಲ್ಟ್‌ಗಳೇ ಸಾಕು ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಚಕ್ರದ ಕಾಗದದಲ್ಲಿ ಯಾವ ತಲೆ, ಎಷ್ಟು ಉದ್ದ ಎಂದು ಬರೆದಿರುತ್ತದೆ, ಅದೇ ಬೇಕು. ಬೋಲ್ಟ್ ಗಿಡ್ಡವಾದರೆ ಎಳೆ ಸಾಲದು, ಉದ್ದವಾದರೆ ಹಬ್ಬಿನ ಹಿಂದೆ ಚಾಚಿ ಒಳಗಿನ ಭಾಗಕ್ಕೆ ತಾಗುತ್ತದೆ.

ಬ್ರೇಕ್ ಕೂಡ ನೋಡಬೇಕು. ನಿಮ್ಮ ಕರೇರಾ ಎಸ್‌ನಲ್ಲಿ ಕೆಂಪು ಕ್ಯಾಲಿಪರ್, 330 ಮಿ.ಮೀ. ಡಿಸ್ಕ್. ಹಳದಿ ಕ್ಯಾಲಿಪರಿನ ಸೆರಾಮಿಕ್ ಬ್ರೇಕ್ ಇರುವ ಕಾರಾದರೆ 350. 19 ಇಂಚಿನ ರಿಮ್ಮಿನ ಒಳಗೆ ವ್ಯಾಸದ ಲೆಕ್ಕಕ್ಕೆ ಜಾಗ ಧಾರಾಳವಾಗಿದೆ, ತಾಗುವುದು ಸ್ಪೋಕಿನ ಬೆನ್ನಿಗೆ. ಒಂದೇ ಅಗಲ, ಒಂದೇ ಇಟಿ ಇರುವ ಎರಡು ಚಕ್ರಗಳಲ್ಲಿ ಒಂದರ ಸ್ಪೋಕ್ ಹೊರಕ್ಕೆ ಬಾಗಿ ಕ್ಯಾಲಿಪರಿಗೆ ದಾರಿ ಬಿಟ್ಟಿರುತ್ತದೆ, ಇನ್ನೊಂದರದು ನೇರವಾಗಿ ಬಂದು ಮುಟ್ಟುತ್ತದೆ. ಇದು ಅಂಕಿಯಲ್ಲಿ ಕಾಣದು. ಮಕ್ಕಳು ಆಡುವ ಪ್ಲಾಸ್ಟಿಸಿನ್ ಮಣ್ಣನ್ನು ಕ್ಯಾಲಿಪರಿನ ಮೇಲೆ ಎರಡು ಮೂರು ಕಡೆ ಮೆತ್ತಿ, ಟೈರಿಲ್ಲದ ಚಕ್ರವನ್ನು ಹಬ್ಬಿಗೆ ಏರಿಸಿ, ಕೈಯಿಂದ ಒಂದು ಸುತ್ತು ನಿಧಾನಕ್ಕೆ ತಿರುಗಿಸಿ ಬಿಚ್ಚಿ. ಸ್ಪೋಕು ಒತ್ತಿ ಉಳಿಸಿದ ಮಣ್ಣಿನ ದಪ್ಪವೇ ನಿಮಗಿರುವ ಅಂತರ. ಮೂರು ಮಿ.ಮೀ.ಗಿಂತ ಕಡಿಮೆ ಬಂದರೆ ಆ ಚಕ್ರ ಬೇಡ. ಇದಕ್ಕೆ ಐದು ನಿಮಿಷ ಸಾಕು. ಹಣ ಕೊಡುವ ಮೊದಲು ಮಾಡಲು ಬಿಡದ ಅಂಗಡಿಯಲ್ಲಿ ಚಕ್ರ ಕೊಳ್ಳಬೇಡಿ.

ಹಿಂದಿನ ಟೈರನ್ನು ಇನ್ನೂ ಅಗಲಿಸುವ ಆಸೆಯನ್ನು ಬಿಡಿ ಎಂದೇ ಹೇಳುತ್ತೇನೆ. 911ರ ಎಂಜಿನ್ ಹಿಂದಿನ ಅಚ್ಚಿನ ಆಚೆಗೆ ತೂಗುತ್ತದೆ, ಕಾರಿನ ತೂಕದ ಶೇ 60ಕ್ಕೂ ಹೆಚ್ಚು ಹಿಂದಿನ ಚಕ್ರಗಳ ಮೇಲಿದೆ. ಹಾಗಾಗಿಯೇ ಹಿಂದೆ 295, ಮುಂದೆ 235. ಹಿಂದೆ ಹಿಡಿತ ಸಾಲದು ಎಂಬುದು ಈ ಕಾರಿನ ದೂರಲ್ಲ. ತಿರುವಿಗೆ ನುಗ್ಗಿದಾಗ ಮೂತಿ ಹೊರಗೆ ಜಾರುವುದೇ ಅದರ ಸ್ವಭಾವ. ಹಿಂದೆ ಇನ್ನಷ್ಟು ರಬ್ಬರು ಹಾಕಿದರೆ ಆ ಸ್ವಭಾವ ಹೆಚ್ಚೇ ಆಗುತ್ತದೆ. ಬದಲಾಯಿಸಲೇಬೇಕಿದ್ದರೆ ಮುಂದೆ 8.5 ಇಂಚಿನ ರಿಮ್ ಹಾಕಿ, ಕಾಗದ ಒಪ್ಪಿದರೆ 245ರ ಟೈರು. ತಿರುವಿನಲ್ಲಿ ವ್ಯತ್ಯಾಸ ತಿಳಿಯುವುದು ಅಲ್ಲಿ. ಟೈರಿನ ವ್ಯಾಸವನ್ನೂ ಲೆಕ್ಕ ಹಾಕಿ: 235/35ರದು ಸುಮಾರು 647 ಮಿ.ಮೀ., 295/30ರದು 660, 305/30ರದು 666. ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗವನ್ನು ಸದಾ ಹೋಲಿಸುತ್ತಿರುತ್ತದೆ. ಮೂಲ ಅನುಪಾತದಿಂದ ಶೇ 1ರಷ್ಟು ವ್ಯತ್ಯಾಸವನ್ನು ಅದು ಸಹಿಸೀತು. ಅದಕ್ಕಿಂತ ಬಹಳ ದೂರ ಹೋದರೆ ಬೇಡದ ಹೊತ್ತಿನಲ್ಲಿ ಅಡ್ಡ ಬರುತ್ತದೆ. ಟೈರಿನ ಪಕ್ಕದಲ್ಲಿ ಎನ್ ಅಕ್ಷರವೂ ಒಂದು ಅಂಕಿಯೂ ಇದ್ದರೆ ಅದು ಪೋರ್ಷೆ ಪರೀಕ್ಷಿಸಿ ಒಪ್ಪಿದ್ದು. ನಾಲ್ಕೂ ಒಂದೇ ಮಾದರಿಯದಿರಲಿ.

ಹಣ ಎಲ್ಲಿ ಹಾಕಬೇಕು? ಅಗಲಕ್ಕಲ್ಲ, ತೂಕ ಇಳಿಸುವುದಕ್ಕೆ. ಇದು 911ರ ಹಳೆಯ ಪಾಠ. 1966ರಲ್ಲಿ 911 ಎಸ್ ಬಂದಾಗ ಅದಕ್ಕೆ ಉಕ್ಕಿನ ಚಕ್ರದ ಬದಲು ಮೈನರ್ಟ್ಸ್‌ಹಾಗನ್ ಊರಿನ ಓಟೋ ಫುಕ್ಸ್ ಕಾರ್ಖಾನೆಯಲ್ಲಿ ಫೋರ್ಜ್ ಮಾಡಿದ ಐದೆಸಳಿನ ಅಲ್ಯೂಮಿನಿಯಂ ಚಕ್ರ ಕೊಟ್ಟರು. ಪೋರ್ಷೆಯ ಮಾದರಿ ವಿಭಾಗದ ಹೈನ್ರಿಖ್ ಕ್ಲೀ ರೂಪಿಸಿದ ಆ ಚಕ್ರ ಆಗ ಬರೀ 4.5 ಇಂಚು ಅಗಲ, 15 ಇಂಚು ವ್ಯಾಸ. ಅದು ಅಂದಕ್ಕಾಗಿ ಹುಟ್ಟಿದ್ದಲ್ಲ, ಹಗುರಕ್ಕಾಗಿ. ಅಂದ ಜೊತೆಗೆ ಬಂತು. ಚಕ್ರ, ಟೈರು, ಬ್ರೇಕ್ ಇವು ಸ್ಪ್ರಿಂಗಿನ ಕೆಳಗಿನ ತೂಕ. ರಸ್ತೆಯ ಉಬ್ಬುತಗ್ಗಿನ ಮೇಲೆ ಟೈರು ನೆಲ ಬಿಡದಂತೆ ಕಾಯುವುದು ಸಸ್ಪೆನ್ಷನ್ನಿನ ಕೆಲಸ, ಆ ತೂಕ ಇಳಿದಷ್ಟೂ ಅದರ ಕೆಲಸ ಸಲೀಸು. ಅದರ ಮೇಲೆ ಚಕ್ರ ತಿರುಗುವ ವಸ್ತು ಬೇರೆ. ನಡುವಿನಿಂದ ದೂರವಿರುವ ತೂಕಕ್ಕೆ ತಿರುಗಲು ಮತ್ತು ನಿಲ್ಲಲು ಬೇಕಾಗುವ ಬಲ ಆ ದೂರದ ವರ್ಗದಂತೆ ಏರುತ್ತದೆ. ಆದ್ದರಿಂದ ಚಕ್ರದ ಒಟ್ಟು ತೂಕ ಎಷ್ಟು ಎಂದು ಮಾತ್ರ ಕೇಳಬೇಡಿ, ತೂಕ ಎಲ್ಲಿದೆ ನೋಡಿ. ನಡುವೆ ದಪ್ಪ, ಹೊರ ಬಳೆ ತೆಳ್ಳಗೆ ಇರುವುದೇ ಒಳ್ಳೆಯದು. 19ರಿಂದ 20 ಇಂಚಿಗೆ ಏರಿಸುವುದನ್ನು ನಾನು ಒಪ್ಪದಿರುವುದೂ ಇದಕ್ಕೇ. ನೋಡಲು ತುಂಬಿಕೊಂಡಂತೆ ಕಾಣುತ್ತದೆ, ತೂಕ ಮಾತ್ರ ಕೂರಬಾರದ ಕಡೆ ಹೋಗಿ ಕೂರುತ್ತದೆ.

ಅಲಾಯ್ ಚಕ್ರ ಮಾಡುವ ಬಗೆ ಮುಖ್ಯವಾಗಿ ಮೂರು. ಕರಗಿಸಿ ಅಚ್ಚಿಗೆ ಸುರಿಯುವ ಎರಕದ್ದು ಅಗ್ಗ, ಗಟ್ಟಿತನಕ್ಕಾಗಿ ದಪ್ಪ ಇಡಬೇಕಾದ್ದರಿಂದ ತೂಕ ಹೆಚ್ಚು. ಎರಕ ಹೊಯ್ದ ಚಕ್ರದ ಹೊರ ಬಳೆಯನ್ನು ಬಿಸಿ ಇರುವಾಗಲೇ ತಿರುಗಿಸಿ, ರೋಲರ್‌ಗಳಿಂದ ಒತ್ತಿ ತೆಳ್ಳಗೆ ಎಳೆಯುವುದು ಫ್ಲೋ ಫಾರ್ಮಿಂಗ್. ತೂಕ ಇಳಿಯುವುದು ಸರಿಯಾಗಿ ಹೊರ ಬಳೆಯಲ್ಲೇ ಆದ್ದರಿಂದ ಕೊಟ್ಟ ಹಣಕ್ಕೆ ಇದರಲ್ಲಿ ಸಿಗುವ ಲಾಭ ದೊಡ್ಡದು. ಗಟ್ಟಿ ದಿಮ್ಮಿಯನ್ನು ಸಾವಿರಾರು ಟನ್ ಒತ್ತಡದಲ್ಲಿ ಒತ್ತಿ ರೂಪಿಸುವುದು ಫೋರ್ಜ್ಡ್. ಲೋಹದ ಕಣಗಳು ಒತ್ತೊತ್ತಾಗಿ ಹೆಣೆದುಕೊಂಡಿರುವುದರಿಂದ ಕಡಿಮೆ ಲೋಹಕ್ಕೇ ಬೇಕಾದ ಬಲ ಬರುತ್ತದೆ. ಗುಂಡಿಗೆ ಬಿದ್ದರೆ ಫೋರ್ಜ್ಡ್ ಚಕ್ರ ಸಾಮಾನ್ಯವಾಗಿ ಬಾಗುತ್ತದೆ, ಎರಕದ್ದು ಬಿರಿಯುವ ಸಂಭವ ಹೆಚ್ಚು. ಬಾಗಿದ ಚಕ್ರ ನಡುಗಿ ಎಚ್ಚರಿಸುತ್ತದೆ, ಬಿರಿದದ್ದು ಹಾಗೆ ಎಚ್ಚರಿಸುವುದಿಲ್ಲ.

ನಕಲು ಚಕ್ರದ ಬಗ್ಗೆ ನಿಮ್ಮ ಎರಡನೇ ಗೆಳೆಯನಿಗೆ ಹೇಳಿ: ರೂಪವನ್ನು ನಕಲು ಮಾಡಬಹುದು, ಲೋಹದ ಗುಣವನ್ನೂ ಶಾಖ ಕೊಟ್ಟು ಹದ ಮಾಡಿದ್ದನ್ನೂ ಫೋಟೋ ನೋಡಿ ನಕಲಿಸಲಾಗದು. ಫೋರ್ಜ್ಡ್ ಚಕ್ರದ ತೆಳು ಸ್ಪೋಕನ್ನು ಎರಕದಲ್ಲಿ ಹೊಯ್ದರೆ ಅದು ಅದೇ ಚಕ್ರವಾಗುವುದಿಲ್ಲ. ಗಂಟೆಗೆ 290 ಕಿ.ಮೀ. ಮುಟ್ಟಬಲ್ಲ ಕಾರು ನಿಮ್ಮದು, ವೇಗಮಿತಿ ಇಲ್ಲದ ಆಟೊಬಾನ್ ನಿಮ್ಮ ಮನೆಯ ಪಕ್ಕದಲ್ಲಿದೆ. ಈ ಕಾರಿಗೆ ಅಂಥ ಚಕ್ರ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನೀವು ಜರ್ಮನಿಯಲ್ಲಿರುವುದು ಇಲ್ಲಿ ಅನುಕೂಲವೇ, ಕಾಗದವೇ ಅರ್ಧ ಜರಡಿ ಹಿಡಿಯುತ್ತದೆ. ಚಕ್ರದ ಬೆನ್ನಿನಲ್ಲಿ ಕೆಬಿಎ, ಅಂದರೆ ಜರ್ಮನಿಯ ವಾಹನ ಪ್ರಾಧಿಕಾರದ, ಸಂಖ್ಯೆ ಇದೆಯೇ ನೋಡಿ. ಜೊತೆಗೆ ಎಬಿಇ ಎಂಬ ಸಾಮಾನ್ಯ ಅನುಮತಿ ಪತ್ರವಿದ್ದು, ಅದರ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾದರಿ, ನೀವು ಹಾಕುವ ಟೈರಿನ ಅಳತೆ ಎರಡೂ ಇದ್ದರೆ, ಬೇರೆ ಷರತ್ತು ಇಲ್ಲದಿದ್ದರೆ, ಆ ಪತ್ರವನ್ನು ಕಾರಿನಲ್ಲಿಟ್ಟುಕೊಂಡು ಓಡಿಸಬಹುದು. ಟೈಲೆಗುಟ್‌ಆಖ್ಟೆನ್ ಎಂಬ ಭಾಗದ ವರದಿ ಮಾತ್ರ ಇದ್ದರೆ ಚಕ್ರ ಹಾಕಿದ ಕೂಡಲೇ ಟಿಯುವಿ ಅಥವಾ ಡೆಕ್ರಾದಂಥ ಸಂಸ್ಥೆಯ ಪರೀಕ್ಷಕರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಎರಡೂ ಇಲ್ಲದಿದ್ದರೆ ನಿಮ್ಮ ಒಂದೇ ಕಾರಿಗಾಗಿ ಬಿಡಿ ಪರೀಕ್ಷೆ. ಖರ್ಚೂ ಹೆಚ್ಚು, ಪಾಸಾಗುವ ಭರವಸೆಯೂ ಇಲ್ಲ. ಒಪ್ಪಿಗೆಯಿಲ್ಲದೆ ಓಡಿಸಿದರೆ ಕಾರಿನ ಓಡಾಟದ ಅನುಮತಿಯೇ ರದ್ದಾಗಬಹುದು, ಅಪಘಾತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಯೂ ಅದೇ. ಜೆಡಬ್ಲ್ಯುಎಲ್ ಎಂಬ ಜಪಾನಿನ ಗುರುತು ಮಾತ್ರ ಇರುವ ಚಕ್ರ ಎಷ್ಟೇ ಒಳ್ಳೆಯದಿದ್ದರೂ ಇಲ್ಲಿ ಅದೊಂದೇ ಸಾಲದು.

ಪರೀಕ್ಷಕರು ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಎದುರು ಮೂಲೆಯ ಚಕ್ರವನ್ನೂ ಏರಿಸಿ ಕಾರನ್ನು ತಿರುಚುತ್ತಾರೆ. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಟೈರು ಎಲ್ಲಿ ಮುಟ್ಟುತ್ತದೆ ಎಂಬುದು ಆಗ ಬಯಲಾಗುತ್ತದೆ. ಮೇಲಿನಿಂದ ನೋಡಿದಾಗ ಚಕ್ರದ ನಡುಬಿಂದುವಿಗೆ 30 ಡಿಗ್ರಿ ಮುಂದಿನಿಂದ 50 ಡಿಗ್ರಿ ಹಿಂದಿನವರೆಗೆ ಟೈರಿನ ಓಡುವ ಮೈ ಮಡ್‌ಗಾರ್ಡಿನೊಳಗೆ ಮುಚ್ಚಿರಬೇಕು ಎಂಬ ಯುರೋಪಿನ ನಿಯಮವಿದೆ. ಟರ್ಬೊದ ಹಿಂದಿನ ಚಕ್ರ ಹಾಕಿದ್ದರೆ ಅದು ಅಲ್ಲೇ ಸೋಲುತ್ತಿತ್ತು. ಭಾರದ ಲೆಕ್ಕವನ್ನೂ ನೀವೇ ಮಾಡಿಕೊಳ್ಳಿ: ಕಾರಿನ ನೋಂದಣಿ ಪತ್ರದಲ್ಲಿ ಅಚ್ಚಿನ ಮೇಲಿನ ಗರಿಷ್ಠ ಭಾರ ಇರುತ್ತದೆ. ಹಿಂದಿನ ಅಚ್ಚಿನದನ್ನು ಅರ್ಧ ಮಾಡಿ. ಅಷ್ಟಾದರೂ ಭಾರ ತಾಳುತ್ತದೆ ಎಂದು ಚಕ್ರದ ಬೆನ್ನಿನ ಮೇಲೆ, ಅದರ ಕಾಗದದ ಮೇಲೆ ಬರೆದಿರಬೇಕು. ಟೈರಿಗೂ ಇದೇ ಲೆಕ್ಕ. ಪಕ್ಕದಲ್ಲಿ 100 ಎಂದಿದ್ದರೆ 800 ಕಿಲೋ, 91 ಎಂದಿದ್ದರೆ 615.

ಹಾಗಾದರೆ ಕೊಳ್ಳುವುದೇನು? ಮೊದಲು ನಿಮ್ಮ ನಾಲ್ಕೂ ಮೂಲ ಚಕ್ರಗಳಿಂದ ಟೈರು ಕಳಚಿ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿಸಿ. ಬರಿಯ ರಿಮ್ ತಿರುಗುವಾಗ ಬಾಗು ಕಣ್ಣಿಗೇ ಕಾಣುತ್ತದೆ. ಒಳ ಅಂಚು ಬಾಗಿದ ಆ ಒಂದನ್ನು ಕಾಯಿಸಿ ನೆಟ್ಟಗೆ ಮಾಡಿಸಬೇಡಿ, ಬೆಸುಗೆಯಂತೂ ಕೂಡದೇ ಕೂಡದು. ಕರೇರಾ ಎಸ್‌ನ ಬಿಡಿ ಮೂಲ ಚಕ್ರ ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಸಿಗುತ್ತದೆ. ಬೆನ್ನಿನಲ್ಲಿ ಅದೇ ಅಗಲ, ಅದೇ ಇಟಿ ಇದೆಯೇ ನೋಡಿ ಕೊಳ್ಳಿ, ಏಕೆಂದರೆ ಕರೇರಾ 4 ಎಸ್‌ನ 11 ಇಂಚಿನ ಚಕ್ರಕ್ಕೂ ಇಟಿ 51. ಬಣ್ಣ ಹಾಕಿಸುವಾಗ ಒಲೆಯ ಬಿಸಿ ಎಷ್ಟು, ಎಷ್ಟು ಹೊತ್ತು ಎಂದು ಕೇಳಿ. ಮಿತಿ ಮೀರಿ ಬೆಂದರೆ ಅಲ್ಯೂಮಿನಿಯಂ ತನ್ನ ಹದ ಕಳೆದುಕೊಳ್ಳುತ್ತದೆ. ಹೀಗೆ ದುರಸ್ತಿಯಾದ ಮೂಲ ಚಕ್ರಗಳು ಚಳಿಗಾಲಕ್ಕೆ ಇರಲಿ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಬೆಟ್ಟ ಮತ್ತು ಹಿಮಹರಳಿನ ಗುರುತಿರುವ ಟೈರೇ ಬೇಕು, ಹೇಗೂ ಎರಡು ಸೆಟ್ ಚಕ್ರ ನಿಮಗೆ ಅಗತ್ಯ. ಬೇಸಿಗೆಗೆ, 997 ಕರೇರಾ ಎಸ್ ಎಂದು ಹೆಸರಿಸಿದ ಕಾಗದವಿರುವ ಫ್ಲೋ ಫಾರ್ಮ್ಡ್ ಅಥವಾ ಕೈಗೆಟುಕಿದರೆ ಫೋರ್ಜ್ಡ್ ಚಕ್ರ ತೆಗೆದುಕೊಳ್ಳಿ: ಮುಂದೆ 8.5 ಇಂಚು, ಹಿಂದೆ 11, ಇಟಿ ಮುಂದೆ 53ರಿಂದ 57ರೊಳಗೆ, ಹಿಂದೆ 63ರಿಂದ 67ರೊಳಗೆ. ಅಂದ ಯಾವುದು ಎಂಬ ಆಯ್ಕೆಯನ್ನು ಇಷ್ಟು ಜರಡಿ ಹಿಡಿದ ಮೇಲೆ ಉಳಿದವುಗಳಲ್ಲಿ ಮಾಡಿ. ಕಾರಿನಲ್ಲಿ ಟೈರಿನ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಯುರೋಪಿನ 433 ಮೆಗಾಹರ್ಟ್ಸ್‌ನದೇ ಕೇಳಿ. ಅಮೆರಿಕದಿಂದ ಬಂದ ಚಕ್ರಗಳಲ್ಲಿ ಹಳೆಯ 315ರದು ಇರುತ್ತದೆ, ಅದು ನಿಮ್ಮ ಕಾರಿನೊಂದಿಗೆ ಮಾತಾಡದು.

ಬೆಂಗಳೂರಿನಲ್ಲಿ ಇಂಥ ಕಾರು ಇಟ್ಟುಕೊಂಡ ಓದುಗರಿಗೂ ಒಂದು ಮಾತು. ಅಳತೆ, ಬೋಲ್ಟು, ಬ್ರೇಕಿನ ಲೆಕ್ಕವೆಲ್ಲ ಅದೇ. ಕಾನೂನು ಬೇರೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸಕೂಡದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ರಸ್ತೆಯೂ ಬೇರೆ. 235/35ರ ಟೈರಿನ ಪಕ್ಕೆಯ ಎತ್ತರ 82 ಮಿ.ಮೀ. ಮಾತ್ರ, ಮಳೆಗಾಲದ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಇರುವುದು ಅಷ್ಟೇ. ಅಲ್ಲಿ ನಾನು ಕರೇರಾದ 18 ಇಂಚಿನ ಮೂಲ ಅಳತೆಗೆ ಇಳಿಯುತ್ತೇನೆ, ಏರುವುದಿಲ್ಲ.

ಚಕ್ರ ಹಾಕುವ ದಿನದ ಕೆಲಸವನ್ನು ಅವಸರದ ಅಂಗಡಿಗೆ ಬಿಡಬೇಡಿ, ಪಕ್ಕದಲ್ಲಿ ನಿಂತು ಮಾಡಿಸಿ. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಸಿ. ಕೂದಲೆಳೆಯಷ್ಟು ಕಸ ಉಳಿದರೂ ಚಕ್ರ ಓರೆಯಾಗುತ್ತದೆ. ಕಾರಿನ ಟೂಲ್ ಚೀಲದಲ್ಲಿ ಬೋಲ್ಟಿನ ಎಳೆಯೇ ಇರುವ ಉದ್ದನೆಯ ಕಡ್ಡಿಯೊಂದು ಇರಬೇಕು. ಅದನ್ನು ಮೇಲಿನ ತೂತಿಗೆ ತಿರುಗಿಸಿ ನಿಲ್ಲಿಸಿ, ಅದರ ಮೇಲೆ ಚಕ್ರ ಜಾರಿಸಿ ಒಳಗೆ ತಳ್ಳಬೇಕು. ಆಗ ಚಕ್ರ ಡಿಸ್ಕಿಗೆ ಬಡಿಯದು. ಐದೂ ಬೋಲ್ಟ್‌ಗಳನ್ನು ಕೈಯಿಂದ ಹತ್ತಿಸಿ, ನಕ್ಷತ್ರ ಬರೆದಂತೆ ಒಂದು ಬಿಟ್ಟು ಒಂದರಂತೆ ಬಿಗಿಸಿ, ಕೊನೆಗೆ ಟಾರ್ಕ್ ಸ್ಪ್ಯಾನರಿನಿಂದ 130 ನ್ಯೂಟನ್ ಮೀಟರ್. ಗಾಳಿ ಗನ್ನಿನಿಂದ ಕೊನೆಯ ಬಿಗಿ ಬೇಡ. ಐವತ್ತರಿಂದ ನೂರು ಕಿ.ಮೀ. ಓಡಿಸಿದ ಮೇಲೆ ಚಕ್ರ ತಣ್ಣಗಿರುವಾಗ ಅದೇ ಸ್ಪ್ಯಾನರಿನಿಂದ ಮತ್ತೊಮ್ಮೆ ನೋಡಿ. ಆಮೇಲೆ ಇಬ್ಬರು ಕೂತು, ಅಂಕುಡೊಂಕಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ನೋಡಿ. ಎಲ್ಲಾದರೂ ಹೊಸದಾಗಿ ಹೊಳೆಯುವ ಗೆರೆ ಕಂಡರೆ ಟೈರು ಅಲ್ಲಿ ತಾಗುತ್ತಿದೆ ಎಂದರ್ಥ. ಪರೀಕ್ಷಕರ ಬಳಿ ಹೋಗುವ ಮೊದಲೇ ಚಕ್ರ ಕೊಟ್ಟವರ ಬಳಿಗೆ ವಾಪಸ್ ಹೋಗಿ.